ಸಂಪಿಗೆಮೂಲೆಯ ಜಲಜಾಕ್ಷಿಯಕ್ಕ

ಬಂದ್ಯೋಡಿನಲ್ಲಿ ಜೆರಾಕ್ಸ್ ತೆಗೆದು ಬೋರ್ಡು ಬರೆಯುವ ಲೋಕನಾಥನನ್ನು ಚೌಕಾಸಿಯಲ್ಲಿ ಸೋಲಿಸುವ ಗಿರಾಕಿ ಒಬ್ಬರೇ, ಮನೆಯಿಲ್ಲದ ಹುಡುಗ ಹುಡುಗಿಯರಿಗೆ ತಮ್ಮ ಮನೆಯಲ್ಲೇ ಜಾಗ ಕೊಟ್ಟಿರುವ ಜಲಜಾಕ್ಷಿಯಕ್ಕ. ಇಲ್ಲಿ ವಿಳಾಸವೆಂದರೆ ಮನೆಯ ಹೆಸರು. ಅರ್ಜಿಯಲ್ಲಿ ಅದರ ಜಾಗ ಖಾಲಿ ಬಿಟ್ಟರೆ ಗುರುತಿನ ಕಾರ್ಡು ಸಿಗುವುದಿಲ್ಲ, ಕಾರ್ಡಿಲ್ಲದೆ ಕೆಲಸವೂ ಸಿಗುವುದಿಲ್ಲ; ಹಾಗಾಗಿ ಎಲ್ಲರ ಅರ್ಜಿಯಲ್ಲೂ ಅವರು ತಮ್ಮ ಮನೆಯ ಹೆಸರನ್ನೇ, ಸಂಪಿಗೆಮೂಲೆ ಎಂದು, ಲೋಕನಾಥನಿಂದ ಬರೆಸುತ್ತಾರೆ. "ನಿಮ್ಮ ಮನೆಯಲ್ಲಿ ಒಟ್ಟು ಎಷ್ಟು ಮಂದಿ ಉಂಟು ಅಕ್ಕ?" ಎಂದು ಲೋಕನಾಥ ಕೆಣಕಿದರೆ, "ನಲವತ್ತೊಂದು. ನಿನಗೆಂತ, ಅನ್ನ ಬೇಯಿಸುವುದು ನೀನಾ?" ಎನ್ನುತ್ತಾರೆ. ಒಂದೇ ಮನೆಯಲ್ಲಿ ಇಷ್ಟು ಮಂದಿಯೇ ಎಂದು ಕಾರ್ಡು ಕೊಡುವ ಕಚೇರಿಯ ಗುಮಾಸ್ತರು ಕನ್ನಡಕ ಮೇಲೇರಿಸಿ ನೋಡಿದರೆ ಇವರು ಸೆರಗು ಸಿಕ್ಕಿಸಿ ನಿಲ್ಲುತ್ತಾರೆ. ಕೊನೆಗೆ ಕೆಳಗಿಳಿಯುವುದು ಕನ್ನಡಕವೇ. ಮೊನ್ನೆ ಅವರ ಜತೆ ಪೂಜಾಶ್ರೀ ಬಂದಿದ್ದಳು. ಆ ಮನೆಯಲ್ಲಿದ್ದೇ ನರ್ಸಿಂಗ್ ಕಲಿತು, ಕೆಲಸ ಸಿಕ್ಕಿ, ಪೆರ್ಲದಲ್ಲಿ ಪುಟ್ಟದೊಂದು ಬಾಡಿಗೆ ಮನೆ ಹಿಡಿದವಳು. ಬಾಗಿಲಿಗೆ ಬೋರ್ಡು ಬೇಕಂತೆ. "ಇನ್ನು ನಿನ್ನದೇ ಮನೆ, ಹೆಸರು ಎಂತ ಬರೆಯಲಿ?" ಎಂದ ಲೋಕನಾಥ. "ಸಂಪಿಗೆಮೂಲೆ," ಎಂದಳು ಅವಳು. ಚೌಕಾಸಿಗೆಂದೇ ಜತೆಗೆ ಬಂದಿದ್ದ ಜಲಜಾಕ್ಷಿಯಕ್ಕ ಅಂದು ರೇಟು ಕೇಳುವುದನ್ನೇ ಮರೆತರು. "ಅಕ್ಷರ ದೊಡ್ಡದು ಮಾಡು ಮಾರಾಯ, ಬಸ್ಸಿನಲ್ಲಿ ಹೋಗುವವರಿಗೂ ಕಾಣಬೇಕು," ಎಂದರು.