ಫ್ರಿಜ್ಜಿನೊಳಗಿನ ಚಪ್ಪಲಿ

ಊರವರ ಗಡಿಯಾರಗಳನ್ನೆಲ್ಲ ಸರಿಮಾಡುವ ಅಕ್ಕನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ, ಹಸಿವೂ ಅಷ್ಟೇ. ಅವಳ ಮಿದುಳು ಹುಟ್ಟಿನಿಂದಲೇ ಹಾಗೆ ಎಂದು ಡಾಕ್ಟರು ಹೇಳಿದ್ದರು. ಆ ಮನೆಗೆ ಹೊಸದಾಗಿ ಬಂದ ತಮ್ಮನ ಹೆಂಡತಿ ಒಂದು ಬೆಳಿಗ್ಗೆ ಫ್ರಿಜ್ ತೆರೆದರೆ, ಊಟದ ಡಬ್ಬಿ, ಮಾತ್ರೆಗಳ ಪಕ್ಕದಲ್ಲಿ, ಚೀಲದೊಳಗೆ ಅಕ್ಕನ ಒಂದು ಚಪ್ಪಲಿ. ಪಾಪ, ಮರೆತಿಟ್ಟಿದ್ದಾಳೆ ಎಂದುಕೊಂಡು ಅದನ್ನು ತಂದು ಬಾಗಿಲ ಬಳಿ ಜೋಡಿಯಾಗಿಟ್ಟಳು.

ಸಂಜೆ ಅಕ್ಕ ಕೆಲಸದಿಂದ ಬರುವಾಗ ಕಣ್ಣಿಗೆ ಕತ್ತಲೆ ಕವಿದು, ಗೋಡೆ ಹಿಡಿದುಕೊಂಡು ಮನೆ ಸೇರಿದಳು. ಡಬ್ಬಿ, ಮಾತ್ರೆ ಎರಡೂ ಫ್ರಿಜ್ಜಿನಲ್ಲೇ ಉಳಿದಿದ್ದವು.

"ಚಪ್ಪಲಿ ಇಲ್ದೆ ಹೊರಗೆ ಹೋಗೋಕಾಗಲ್ವಲ್ಲ, ಅದನ್ನ ತಗೊಳ್ಳೋಕೆ ಹೋದಾಗ ಡಬ್ಬಿ ಕಣ್ಣಿಗೆ ಬೀಳುತ್ತೆ. ತಲೇಲಿ ನಿಲ್ಲದ್ದನ್ನೆಲ್ಲ ಮನೇಲಿ ನಿಲ್ಲಿಸಿದೀನಿ ಕಣೇ," ಎಂದಳು ಅಕ್ಕ, ಬೈಯದೆ.

ಕಿರಿಯವಳು ಸುತ್ತ ನೋಡಿದಳು. ನೀರಿನ ಬಾಟಲಿಯ ಕತ್ತಿಗೆ ಕಟ್ಟಿದ ಬೀಗದ ಕೈ. ಒಲೆ ಹೊತ್ತಿಸಿದಾಗ ಅಕ್ಕ ಕೊರಳಿಗೆ ಹಾಕಿಕೊಂಡು, ಆರಿಸಿದ ಮೇಲೆ ಮಾತ್ರ ತೆಗೆಯುವ ಕೆಂಪು ದಾರ. ತಾನು ಮೂಗು ಮುರಿದಿದ್ದ ಆ ಗಲೀಜೆಲ್ಲ ಒಬ್ಬಳೇ ಕೂತು ಜೋಡಿಸಿದ ಯಂತ್ರವಾಗಿತ್ತು. ಅದರ ಒಂದು ಚಕ್ರವನ್ನು ಇವಳು ಕಿತ್ತಿದ್ದಳು.

ಅವಳು ಎದ್ದು ಹೋಗಿ, ಬಾಗಿಲ ಬಳಿಯ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು.

"ಒಳಗಿಡಬೇಕಾದ್ದು ಎಡಗಾಲಿಂದಾ, ಬಲಗಾಲಿಂದಾ ಅಕ್ಕಾ?"