ಮಕ್ಕಳು ತುಳಿಯುವ ಮಗ್ಗ

ಬೆಳಗಿನ ಆರು ಗಂಟೆ. ರಬಕವಿಯ ಸಾಲೆಯ ವಸ್ತುಸಂಗ್ರಹದ ಕೋಣೆಯಲ್ಲಿ ಬಡಿಗೇರ ಹಣಮಪ್ಪನವರು ಮೊಣಕಾಲೆತ್ತರದ ಮಗ್ಗವೊಂದಕ್ಕೆ ಗಲ್ಲ ಉಜ್ಜುತ್ತಿದ್ದಾರೆ.

“ಬಡಿಗ್ಯಾನ ಅಂಗೈ ಸುಳ್ಳ ಹೇಳ್ತದರಿ, ಎಲ್ಲಾನೂ ನುಣುಪು ಅಂತದ. ಗಲ್ಲ ಹಂಗಲ್ಲ. ಸಿಬರಿದ್ರ ತಟ್ಟನ ಹೇಳ್ತದ.”

ಈ ೧೯೫೪ರಲ್ಲಿ ಆ ಕೋಣೆಯಲ್ಲಿ ಮಕ್ಕಳು ಮುಟ್ಟಬಹುದಾದ ವಸ್ತು ಇದೊಂದೇ. ಉಳಿದದ್ದೆಲ್ಲ ಗಾಜಿನೊಳಗಿದೆ: ಸಂಸ್ಥಾನದ ಕಾಲದ ಎರಡು ಕತ್ತಿ, ಒಂದಿಷ್ಟು ನಾಣ್ಯ, ಸತ್ತ ಮೇಲೂ ಮಕ್ಕಳನ್ನು ಹತ್ತಿರ ಸೇರಿಸದ, ಹುಲ್ಲು ತುಂಬಿದ ಒಂದು ಮುಧೋಳ ನಾಯಿ.

ನೇಕಾರರ ಊರಿನ ಮಕ್ಕಳಿಗೆ ಮಗ್ಗ ಹೊಸದೇ? ಹೊಸದೇ. ನೂಲು ಸುತ್ತಿ ಕೊಡುವುದು ಮಕ್ಕಳ ಕೆಲಸ. ನೇಯುವವರು ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಇಳಿದರೆ ಬೆನ್ನಿಗೆ ಏಟು ಬೀಳುತ್ತದೆ. ಬನಹಟ್ಟಿಯಲ್ಲಿ ಮಗ್ಗ ರಿಪೇರಿಯ ಮನೆಯಲ್ಲಿ ಬೆಳೆದ ಹಣಮಪ್ಪನವರೂ ಇಳಿದಿದ್ದರು. ಒಂದಾದ ಮೇಲೊಂದು ತುಳಿಯಬೇಕಾದ ಎರಡೂ ಕಾಲುಹಲಗೆಗಳನ್ನು ಒಟ್ಟಿಗೆ ತುಳಿದಿದ್ದರು. “ಹದಿನಾರು ಎಳಿ ಹರದ್ವು. ಅಪ್ಪ ಹದಿನಾರು ಏಟು ಕೊಟ್ಟ. ಲೆಕ್ಕದಾಗ ಮೋಸ ಇಲ್ಲ.”

ಆ ತಪ್ಪಿಗಾಗಿಯೇ ಅವರು ಈ ಮಗ್ಗ ಮಾಡಿದ್ದು. ಇದರ ಎರಡು ಹಲಗೆಗಳು ತಕ್ಕಡಿಯಂತೆ ಜೋಡಿಯಾಗಿವೆ. ಒಂದು ಇಳಿದರೆ ಇನ್ನೊಂದು ಏಳುತ್ತದೆ. “ಎರಡೂ ಒತ್ತಿದ್ರ ಸುಮ್ಮನ ನಿಂದರ್ತದ. ಹರಿಯೂದಿಲ್ಲ, ಬೈಯೂದೂ ಇಲ್ಲ.”

ದಿನಕ್ಕೆ ಅರವತ್ತು ಮಕ್ಕಳು, ಅಂದರೆ ನೂರಿಪ್ಪತ್ತು ಕಾಲು. ಹೆಡ್‌ಮಾಸ್ತರ ರಾಘವೇಂದ್ರರಾಯರಿಗೆ ಈ ಲೆಕ್ಕವೇ ದಿಗಿಲು. “ಹಣಮಪ್ಪಾ, ಸಾಹೇಬರ ತಪಾಸಣಿಯೊಳಗ ಒಂದ ಎಳಿ ಹರೀತು ಅಂದ್ರೂ ಇದಕ್ಕೂ ಗಾಜು, ಇದಕ್ಕೂ ಕೀಲಿ!”

ಹತ್ತು ಗಂಟೆಗೆ ಜಮಖಂಡಿಯಿಂದ ಸಾಲೆ ತಪಾಸಣೆಯ ಸಾಹೇಬರು ಬರುತ್ತಾರೆ. ಮಗ್ಗ ನೋಡುತ್ತಾರೆ. ನೋಡಿ ಸುಮ್ಮನಿರಲಾರದೆ ಮಕ್ಕಳ ಮಣೆಯ ಮೇಲೆ ಕೂರುತ್ತಾರೆ, ಬೂಟು ಸಮೇತ ಎರಡೂ ಕಾಲು ಊರುತ್ತಾರೆ. ರಾಯರು ಕಣ್ಣು ಮುಚ್ಚುತ್ತಾರೆ.

“ಒಂದೊಂದ ಕಾಲರಿ ಸಾಹೇಬ್ರ!” ಮೂರನೆಯ ಇಯತ್ತೆಯ ಹುಡುಗಿ ಸುಂದರವ್ವ ಗದರುತ್ತಾಳೆ. “ಹೊಸಬರು ಎಲ್ಲಾರೂ ಹಿಂಗ ಮಾಡ್ತಾರ.”

ಒಂದು ಎಳೆಯೂ ಹರಿದಿಲ್ಲ. ಸಾಹೇಬರು ಒಂದೊಂದೇ ಕಾಲಿನಿಂದ ನಾಲ್ಕು ಬೆರಳು ಬಟ್ಟೆ ನೇಯ್ದು, ಬೆವರೊರೆಸಿಕೊಂಡು, ದಫ್ತರದಲ್ಲಿ ಬರೆಯುತ್ತಾರೆ: ಮಗ್ಗ ಹೀಗೆಯೇ ತೆರೆದಿರಲಿ, ಇಂಥವು ಇನ್ನೂ ನಾಲ್ಕು ಆಗಲಿ.

ಬರೆದದ್ದರಲ್ಲಿ ಬಡಿಗೇರನ ಹೆಸರಿಲ್ಲವಲ್ಲ ಎಂದರೆ ಹಣಮಪ್ಪನವರು ನಗುತ್ತಾರೆ.

“ಯಾರು ಮಾಡ್ಯಾರ ಅಂತ ಹುಡುಗೂರೂ ಕೇಳಂಗಿಲ್ರಿ. ಮುಂದಿನ ಪಾಳಿ ಯಾರ್ದು ಅಂತ ಜಗಳ ಆಡ್ತಾವ. ನನಗ ಅದ ಛಲೋ.”