ಏಳನೇ ಫಾರ್ಮಿನ ಹಾಡುಗಾರ್ತಿ

ಮೂರು ವರ್ಷಗಳ ಹಿಂದಿನ ದೀಪಾವಳಿ. ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾಗಿ ನನಗೆ ಆಗ ಎರಡು ವರ್ಷ. ಬರವಣಿಗೆಯನ್ನೇ ಪೂರ್ಣಾವಧಿ ಕೆಲಸವಾಗಿ ಹಿಡಿದಿದ್ದೆ. ಆ ವರ್ಷ ಅದರ ಫಲವೆಲ್ಲ ಒಟ್ಟಿಗೇ ಬಂತು. ವಾರಪತ್ರಿಕೆಯೊಂದರ ದೀಪಾವಳಿ ವಿಶೇಷಾಂಕದಲ್ಲಿ ನನ್ನ ಕಥೆ ಅಚ್ಚಾಗಿತ್ತು. ಅದೇ ಕಥೆಯ ಹೆಸರು ಹೊತ್ತ ನನ್ನ ಮೊದಲ ಸಂಕಲನ ಹುಬ್ಬಳ್ಳಿಯ ಗೋಕುಲ ರಸ್ತೆಯ ಮುದ್ರಣಾಲಯದಲ್ಲಿತ್ತು. ನೂರ ನಲವತ್ತನಾಲ್ಕು ಪುಟ, ಐದುನೂರು ಪ್ರತಿ. ಹಬ್ಬ ಮುಗಿದ ಮೊದಲ ಭಾನುವಾರ ಬಿಡುಗಡೆ.

ಪ್ರತಿ ದೀಪಾವಳಿಗೂ ನಾವು ಮೂವರು ಗೆಳತಿಯರು ಮಾಳಮಡ್ಡಿಯ ನನ್ನ ಮನೆಯಲ್ಲಿ ಸೇರಿ ಹಬ್ಬದ ತಿಂಡಿ, ಫರಾಳ ಮಾಡುತ್ತೇವೆ. ನಮ್ಮ ಶಾಲೆಯಲ್ಲೇ ಗಣಿತ ಕಲಿಸುತ್ತಿದ್ದ ನಸೀಮಾ ಶಂಕರಪಾಳಿ ಕತ್ತರಿಸಿದರೆ ಒಂದೊಂದೂ ಅಳತೆಪಟ್ಟಿ ಇಟ್ಟು ಕೊಯ್ದಂತಿರುತ್ತದೆ. ಸಪ್ತಾಪುರದಲ್ಲಿ ಸಂಗೀತ ಪಾಠ ಹೇಳುವ ಗಿರಿಜಾಳದು ಚಕ್ಕಲಿ. ಹಬ್ಬಕ್ಕೆ ಮೂರು ದಿನ ಮೊದಲು ಹೀಗೇ ಸೇರಿದ್ದೆವು. ವಿಶೇಷಾಂಕ ನಸೀಮಾಳ ಕೈಯಲ್ಲಿತ್ತು. ಅವಳು ಖುಷಿಯಿಂದ ಕಥೆಯನ್ನು ಗಟ್ಟಿಯಾಗಿ ಓದಿದಳು.

ಕಥೆಯಲ್ಲಿ ಒಬ್ಬ ಗಾಯಕಿ. ತುಂಬಿದ ಸಭೆಯಲ್ಲಿ ಹಾಡುತ್ತಿರುವಾಗಲೇ ದನಿ ನಿಂತುಹೋಗುತ್ತದೆ. ಅವಳು ಅಳುತ್ತ ವೇದಿಕೆಯಿಂದ ಓಡುತ್ತಾಳೆ. ಮತ್ತೆಂದೂ ಹಾಡುವುದಿಲ್ಲ.

ಓದು ಮುಗಿಯುವ ಮೊದಲೇ ಗಿರಿಜಾ ಚಕ್ಕಲಿ ಒತ್ತುವುದನ್ನು ನಿಲ್ಲಿಸಿದ್ದಳು.

"ಸುಧಾ, ಇದು ನನ್ನ ಕಥಿ ಅಲ್ಲೇನು?"

"ಹೆಸರು ಬದಲ ಮಾಡೇನಿ," ಎಂದೆ.

"ಹೆಸರು ಬದಲ ಮಾಡಿದಿ ಖರೇ. ಅಳೂದು ಯಾಕ ಹಚ್ಚಿದಿ? ನಾ ಅವತ್ತು ಅತ್ತಿಲ್ಲ."

ಕೈ ತೊಳೆದುಕೊಂಡು ಹೊರಟುಹೋದಳು.

ಅದಕ್ಕೂ ಹನ್ನೆರಡು ವರ್ಷಗಳ ಹಿಂದೆ ಹುಬ್ಬಳ್ಳಿಯ ಸಂಗೀತ ಕಛೇರಿಯೊಂದರಲ್ಲಿ ಗಿರಿಜಾಳ ದನಿ ಅರ್ಧಕ್ಕೆ ನಿಂತದ್ದು ನಿಜ. ಆ ದಿನ ನಾನು ಊರಲ್ಲಿರಲಿಲ್ಲ; ಅವರಿವರ ಬಾಯಲ್ಲಿ ಕೇಳಿದ್ದೆ. ಅವಳಿಗೆ ನೋವಾದೀತೆಂದು ಒಮ್ಮೆಯೂ ಆ ಮಾತು ತೆಗೆದಿರಲಿಲ್ಲ. ಕೇಳದೆ ಬಿಟ್ಟ ಜಾಗವನ್ನೆಲ್ಲ ಕಣ್ಣೀರಿನಿಂದ ತುಂಬಿದ್ದೆ. ಅದನ್ನು ಕಲ್ಪನೆ ಎಂದು ಕರೆದುಕೊಂಡು ಹೆಮ್ಮೆಯನ್ನೂ ಪಟ್ಟಿದ್ದೆ.

ಮುದ್ರಕ ಶಿವಾನಂದರಿಗೆ ಫೋನ್ ಮಾಡಿದೆ. ಪುಸ್ತಕವನ್ನು ಒಂದೊಂದೇ ಪುಟವಾಗಿ ಅಚ್ಚು ಹಾಕುವುದಿಲ್ಲ. ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಒಟ್ಟಿಗೆ ಮುದ್ರಿಸಿ ಮಡಚುತ್ತಾರೆ. ಆ ಹದಿನಾರು ಪುಟಗಳಿಗೆ ಒಂದು ಫಾರ್ಮ್ ಎನ್ನುತ್ತಾರೆ. ನನ್ನ ಪುಸ್ತಕಕ್ಕೆ ಒಂಬತ್ತು ಫಾರ್ಮ್. ಆ ಕಥೆ ತೊಂಬತ್ತೆಂಟರಿಂದ ನೂರ ಎಂಟನೇ ಪುಟದವರೆಗೆ, ಏಳನೆಯದರಲ್ಲಿತ್ತು.

"ಏಳನೇದು ಒಂದು ಉಳದದ ನೋಡ್ರಿ, ಬಾಕಿ ಎಲ್ಲಾ ಛಾಪಾ ಆಗ್ಯಾವ," ಎಂದರು ಶಿವಾನಂದ. "ತಿದ್ದೂದಿದ್ರ ನಾಳೆ ಎರಡು ಗಂಟೆ ಒಳಗ ಕಳಸ್ರಿ. ಆಮ್ಯಾಲ ಕೆಲಸದವರು ಹಬ್ಬಕ್ಕ ಊರಿಗೆ ಹೋಗ್ತಾರ. ಮತ್ತ, ಹನ್ನೊಂದು ಪುಟ ಅಂದ್ರ ಹನ್ನೊಂದ ಇರಬೇಕು. ಒಂದು ಸಾಲು ಹೆಚ್ಚಾದ್ರೂ ಮುಂದಿನ ಕಥಿ ಕೆಡತದ."

ಮರುದಿನ ಬೆಳಿಗ್ಗೆ ಎಂಟಕ್ಕೇ ಗಿರಿಜಾಳ ಮನೆ ಮುಟ್ಟಿದೆ. ಮೂವತ್ತು ವರ್ಷದ ಗೆಳೆತನದಲ್ಲಿ ಅವಳ ಬಾಗಿಲ ಮುಂದೆ ನಾನು ಅಳುಕಿ ನಿಂತದ್ದು ಅದೇ ಮೊದಲು.

"ಕಥಿ ತಗದು ಬಿಡತೇನಿ," ಎಂದೆ. "ಪುಸ್ತಕ ತಡಾ ಆದ್ರ ಆಗಲಿ. ಪುಸ್ತಕದ ಹೆಸರೂ ಬದಲ ಮಾಡತೇನಿ."

"ಯಾಕ ತಗೀತಿ? ಖರೇ ಏನಾತು ಅಂತ ಬರಿ. ಕೂಡು."

ಹೇಳಿದಳು. ಎರಡನೆಯ ರಾಗದಲ್ಲಿ, ತಾರ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ, ಹೋಗುವಾಗ ಗಂಟಲು ಮುಚ್ಚಿಕೊಂಡಿತು. ಎರಡು ಸಲ ಪ್ರಯತ್ನಿಸಿದಳು. ಆಮೇಲೆ ಸಭೆಗೆ ಕೈ ಮುಗಿದು, "ಇವತ್ತ ನನ್ನ ದನಿ ಇಷ್ಟರಿ. ಉಳದದ್ದು ನನ್ನ ಶಿಷ್ಯೆ ಹಾಡ್ತಾಳ," ಎಂದಳು. ಹಿಂದೆ ಕೂತಿದ್ದ ಶಿಷ್ಯೆಯನ್ನು ಮುಂದೆ ಕರೆದು, ಅವಳ ಕೈಯಲ್ಲಿದ್ದ ತಂಬೂರಿಯನ್ನು ತಾನು ತೆಗೆದುಕೊಂಡಳು. ಎರಡು ತಾಸು ಕದಲದೆ ನುಡಿಸಿದಳು.

"ಮನಿಗೆ ಬಂದ ಮ್ಯಾಲರೆ ಅತ್ತಿರಬೇಕಲ್ಲ?"

"ಮನಿಗೆ ಬಂದು ಎರಡು ರೊಟ್ಟಿ ತಿಂದೆ. ಹಸಿವಾಗಿತ್ತು." ಮತ್ತೆ ಅಂದಳು: "ಆ ಹುಡುಗಿ ಭಾಳ ಛಲೋ ಹಾಡಿದ್ಲು ಸುಧಾ. ಅದನ್ನ ಯಾರೂ ಕೇಳೂದ ಇಲ್ಲ. ನನ್ನ ದನಿ ಹೋದದ್ದಷ್ಟ ಮಾತಾಡ್ತಾರ."

ಇಬ್ಬರೂ ನಸೀಮಾಳ ಮನೆಗೆ ಹೋದೆವು, ಕಂಪ್ಯೂಟರ್ ಅಲ್ಲಿತ್ತು. ಕೊನೆಯ ಮೂರು ಪುಟ ಅಳಿಸಿ ಹೊಸದಾಗಿ ಬರೆದೆ. ಅಷ್ಟು ವೇಗವಾಗಿ, ಅಷ್ಟು ಖಚಿತವಾಗಿ ನಾನು ಎಂದೂ ಬರೆದಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮುಗಿಯಿತು. ನಸೀಮಾ ಸಾಲು ಎಣಿಸಿದಳು. "ನಾಕು ಹೆಚ್ಚಾಗ್ಯಾವ."

ಯಾವುದನ್ನು ತೆಗೆಯಲಿ? ಕಿಟಕಿಯಾಚೆಯ ಚಂದ್ರನ ಬಗ್ಗೆ ನಾಲ್ಕು ಸಾಲಿದ್ದವು. ಆ ಕಥೆಯಲ್ಲಿ ನನಗೆ ಬಹಳ ಪ್ರೀತಿಯ ಸಾಲುಗಳು.

"ಆ ಚಂದ್ರನ್ನ ತಗಿ," ಎಂದಳು ಗಿರಿಜಾ. "ಅಂವಾ ಅಲ್ಲಿ ಇರಲಿಲ್ಲ. ಸಭಾ ನಡದದ್ದು ಮುಂಜಾನಿ."

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಒಂದೂವರೆಗೆ ಪುಟಗಳು ಗೋಕುಲ ರಸ್ತೆಗೆ ಹೋದವು.

ಬಿಡುಗಡೆ ನಸೀಮಾಳ ಮನೆಯ ಟೆರೇಸಿನ ಮೇಲೆ ನಡೆಯಿತು. ನಲವತ್ತು ಕುರ್ಚಿ ಹಾಕಿಸಿದ್ದೆವು. ಬಂದವರು ಎಪ್ಪತ್ತರ ಹತ್ತಿರ. ಯಾರೂ ಕೇಳದಿದ್ದರೂ ಗಿರಿಜಾ ಎದ್ದು ನಿಂತು, "ಈ ಕಥ್ಯಾಗಿನ ಹಾಡುಗಾರ್ತಿ ನಾನರಿ," ಎಂದಳು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಆ ಶಿಷ್ಯೆಯನ್ನು ತೋರಿಸಿದಳು. ಈಗ ಅವಳೂ ಪಾಠ ಹೇಳುತ್ತಾಳೆ. ಚಪ್ಪಾಳೆ ಅವಳಿಗೆ ಬಿತ್ತು.

ಐದುನೂರು ಪ್ರತಿ ಯುಗಾದಿಯೊಳಗೆ ಮುಗಿದವು, ಎರಡನೇ ಮುದ್ರಣವಾಯಿತು. ವಿಶೇಷಾಂಕದ ಕಥೆಯೇ ಹೆಚ್ಚು ಕಲಕುತ್ತದೆ ಎನ್ನುವ ಓದುಗರು ಈಗಲೂ ಇದ್ದಾರೆ. ಅವರೊಡನೆ ನಾನು ವಾದಿಸುವುದಿಲ್ಲ. ಆದರೆ ಆವತ್ತಿನಿಂದ, ಗೊತ್ತಿರುವವರ ಬದುಕನ್ನು ಬರೆಯಲು ಹೊರಟಾಗ ಮೊದಲು ಅವರ ಮನೆಗೆ ಹೋಗಿ ಕೂರುತ್ತೇನೆ. ಬರೆಯಲೇ ಎಂದು ಅನುಮತಿ ಕೇಳುತ್ತೇನೆ. ಅನುಮತಿ ಸಿಕ್ಕ ಮೇಲೆ, ‘ಆಮೇಲೆ ಏನಾಯಿತು?’ ಎಂದು ಕೇಳುತ್ತೇನೆ. ಇಷ್ಟು ವರ್ಷ ಬರೆದ ಮೇಲೂ, ಆ ಎರಡನೇ ಪ್ರಶ್ನೆಗೆ ನಾನು ಊಹಿಸಿಕೊಂಡು ಹೋದ ಉತ್ತರ ಒಮ್ಮೆಯೂ ಸರಿಯಾಗಿಲ್ಲ.